ಕೆರೆಯ ಮೀನು ಕಾಯುವ ಸಂಘ ಬೇಕು

ನಿಮ್ಮ ಊರಿನ ಕೆರೆಯ ಮೀನು ಹಿಡಿಯುವ ಹಕ್ಕು ಈ ಸಲ ಯಾರಿಗೆ ಹೋಯಿತು, ಎಷ್ಟು ರೂಪಾಯಿಗೆ ಹೋಯಿತು ಎಂದು ಕೇಳಿದರೆ ನಿಮ್ಮಲ್ಲಿ ಎಷ್ಟು ಮಂದಿ ಉತ್ತರ ಹೇಳಬಲ್ಲಿರಿ? ರಾಗಿಯ ಧಾರಣೆ, ಕೊಬ್ಬರಿಯ ಧಾರಣೆ, ಡೇರಿಯವರು ಹಾಲಿಗೆ ಕೊಡುವ ಲೀಟರು ಬೆಲೆ ಎಲ್ಲವೂ ನಿಮ್ಮ ನಾಲಿಗೆಯ ತುದಿಯಲ್ಲಿವೆ. ಕೆರೆಯ ಮೀನಿನ ಮಾತು ಬಂದಾಗ ಮಾತ್ರ "ಅದು ಬೆಸ್ತರ ವಿಷಯ" ಎಂದೋ "ಗುತ್ತಿಗೆದಾರನ ವಿಷಯ" ಎಂದೋ ಕೈತೊಳೆದುಕೊಳ್ಳುತ್ತೇವೆ. ಕೆರೆ ಊರಿನದು. ಅದರ ಹೂಳು ತೆಗೆಯಬೇಕಾದವರು ನೀವು, ಏರಿ ಒಡೆದರೆ ಗದ್ದೆ ಕಳೆದುಕೊಳ್ಳುವವರೂ ನೀವು. ಅದರ ನೀರಿನಲ್ಲಿ ಬೆಳೆಯುವ ಒಂದು ಬೆಳೆಯ ಲೆಕ್ಕ ಮಾತ್ರ ನಿಮಗೆ ಬೇಡವೆಂದರೆ ಹೇಗೆ?

ನಮ್ಮ ರಾಜ್ಯದಲ್ಲಿ ನಲವತ್ತು ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟು ಇರುವ ಕೆರೆಗಳ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಯ ಕೈಯಲ್ಲಿದೆ, ಅದಕ್ಕಿಂತ ಸಣ್ಣವು ಗ್ರಾಮ ಪಂಚಾಯಿತಿಯ ಕೈಯಲ್ಲಿವೆ. ಇಲಾಖೆಯ ಕೆರೆಗಳನ್ನು ಗುತ್ತಿಗೆ ಕೊಡುವಾಗ ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆ ಉಂಟು. ಸಣ್ಣ ಕೆರೆಗಳು ಸಾಮಾನ್ಯವಾಗಿ ಹರಾಜಿಗೆ ಹೋಗುತ್ತವೆ. ಹರಾಜೇ ಒಳ್ಳೆಯದು, ಪಂಚಾಯಿತಿಗೆ ರೊಕ್ಕ ಬರುತ್ತದೆ ಎನ್ನುವವರಿದ್ದಾರೆ. ಸಂಘಕ್ಕೇ ಕೊಡಬೇಕು ಎನ್ನುವವರೂ ಇದ್ದಾರೆ. ನನ್ನ ಮತ ಸಂಘದ ಕಡೆಗೆ. ಆದರೆ ಎಂತಹ ಸಂಘ ಎಂಬುದನ್ನು ಹೇಳದೆ ಬರಿಯ "ಸಹಕಾರ, ಸಹಕಾರ" ಎಂದು ಭಜನೆ ಮಾಡಿದರೆ ಪ್ರಯೋಜನವಿಲ್ಲ.

ಮೊದಲು ಒಂದು ಲೆಕ್ಕ ನೋಡೋಣ. ಇದು ಉದಾಹರಣೆಗೆ ಹಾಕಿದ ಲೆಕ್ಕ. ದರಗಳನ್ನು ನಿಮ್ಮ ಊರಿನ ಸಂತೆಗೆ ತಕ್ಕಂತೆ ಬದಲಿಸಿಕೊಳ್ಳಿ. ಇಪ್ಪತ್ತು ಹೆಕ್ಟೇರು ನೀರು ನಿಲ್ಲುವ ಕೆರೆಗೆ ಮಳೆಗಾಲದಲ್ಲಿ 40,000 ಬೆರಳುದ್ದದ ಮರಿ ಬಿಟ್ಟಿರಿ ಎನ್ನಿ. ಹಕ್ಕಿ, ಹಾವು, ಮುರುಗೋಡು ತಿಂದು ಅರ್ಧ ಉಳಿಯಿತು, 20,000. ನಾಲ್ಕೈದು ತಿಂಗಳಿಗೇ ಆಸೆಪಟ್ಟು ಬಲೆ ಹಾಕಿದರೆ ಒಂದೊಂದು ಮೀನು ಕಾಲು ಕಿಲೋ ತೂಗೀತು. ಒಟ್ಟು 5,000 ಕಿಲೋ. ಸಣ್ಣ ಮೀನಿಗೆ ಬೆಲೆಯೂ ಸಣ್ಣದು. ಕಿಲೋಗೆ 80 ರೂಪಾಯಿಯಂತೆ ನಾಲ್ಕು ಲಕ್ಷ ಆಯಿತು. ಇನ್ನೊಂದು ಐದು ತಿಂಗಳು ಕಾದಿರಿ ಎನ್ನಿ. ಆ ಅವಧಿಯಲ್ಲಿ ಇನ್ನೂ 4,000 ಮೀನು ಸಾಯಲಿ. ಉಳಿದ 16,000 ಮೀನು ತಲಾ 900 ಗ್ರಾಮಿನಂತೆ 14,400 ಕಿಲೋ. ದಪ್ಪ ಮೀನಿಗೆ 120 ರೂಪಾಯಿ ಸಿಕ್ಕರೆ 17 ಲಕ್ಷದ 28 ಸಾವಿರ. ನಡುವೆ ಖರ್ಚಾದದ್ದು ಇಬ್ಬರು ಕಾವಲುಗಾರರ ಸಂಬಳ ಮಾತ್ರ. ಮರಿ ಅದೇ, ನೀರು ಅದೇ. ಕಾದದ್ದಕ್ಕೆ ಹದಿಮೂರು ಲಕ್ಷ ಹೆಚ್ಚು ಬಂತು.

ಇಷ್ಟು ಸುಲಭವಾದ ಲೆಕ್ಕ ಮೀನು ಹಿಡಿಯುವವನಿಗೆ ತಿಳಿಯದೆ? ಚೆನ್ನಾಗಿ ತಿಳಿದಿದೆ. ಆದರೂ ಕೆರೆ ಎಲ್ಲರಿಗೂ ತೆರೆದಿದ್ದರೆ ಅವನು ಕಾಯುವುದಿಲ್ಲ. ಇಂದು ನಾನು ಬಿಟ್ಟ ಕಾಲು ಕಿಲೋ ಮೀನು ನಾಳೆ ಒಂದು ಕಿಲೋ ಆಗಿ ನನ್ನ ಬಲೆಗೇ ಬೀಳುತ್ತದೆಂಬ ಭರವಸೆ ಏನು? ಪಕ್ಕದವನು ಇಂದು ರಾತ್ರಿಯೇ ಹಿಡಿದಾನು. ಹೀಗೆ ಯೋಚಿಸುವವನನ್ನು ದುರಾಸೆಯವನು ಎನ್ನಲಾಗದು, ಅವನ ಸ್ಥಾನದಲ್ಲಿ ನೀವಿದ್ದರೂ ಹಾಗೆಯೇ ಮಾಡುತ್ತಿದ್ದಿರಿ. ಕೆನಡಾ ದೇಶದ ಅರ್ಥಶಾಸ್ತ್ರಜ್ಞ ಸ್ಕಾಟ್ ಗಾರ್ಡನ್ 1954ರಲ್ಲಿ ಬರೆದ ಒಂದು ಲೇಖನದಲ್ಲಿ ಇದನ್ನೇ ವಿವರಿಸಿದ್ದಾನೆ. ಯಾರ ಅಂಕೆಯೂ ಇಲ್ಲದ ನೀರಿನಲ್ಲಿ ಲಾಭ ಇರುವತನಕ ಹೊಸ ದೋಣಿ ಇಳಿಯುತ್ತಲೇ ಇರುತ್ತದೆ. ಖರ್ಚೂ ಆದಾಯವೂ ಸಮವಾಗಿ, ಯಾರಿಗೂ ಏನೂ ಉಳಿಯದ ಹಂತಕ್ಕೆ ಬಂದ ಮೇಲೆಯೇ ಅದು ನಿಲ್ಲುತ್ತದೆ. ನೀರು ಕೊಡಬಹುದಾಗಿದ್ದ ಲಾಭವೆಲ್ಲ ಪೈಪೋಟಿಯಲ್ಲಿ ಸುಟ್ಟುಹೋಗುತ್ತದೆ.

ಹಾಲಿನ ಸಂಘ ಬೇರೆ, ಮೀನಿನ ಸಂಘ ಬೇರೆ

ಸಹಕಾರ ನಮಗೆ ಹೊಸದಲ್ಲ. 1904ರಲ್ಲಿ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಗದಗಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. ಇಂದು ಹಾಲಿನ ಸಂಘವಿಲ್ಲದ ಊರನ್ನು ಹುಡುಕಬೇಕು. ಆದ್ದರಿಂದ ಮೀನಿನ ಸಂಘವೆಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಡೇರಿಯೇ. ಸರಕು ತೂಗಿ, ಬೆಲೆ ಕಟ್ಟಿ, ಲಾರಿಗೆ ಹಾಕಿ, ವಾರಕ್ಕೊಮ್ಮೆ ಹಣ ಹಂಚುವ ಕಟ್ಟಡ.

ಇಲ್ಲೇ ನಾವು ಮುಗ್ಗರಿಸುವುದು. ನಿಮ್ಮ ಕೊಟ್ಟಿಗೆಯಲ್ಲಿ ಕಟ್ಟಿದ ಹಸುವನ್ನು ಪಕ್ಕದ ಮನೆಯವನು ಬಂದು ಕರೆದುಕೊಂಡು ಹೋಗಲಾರ. ನೀವು ಇಂದು ಕರೆಯದೆ ಬಿಟ್ಟರೆ ನಷ್ಟ ನಿಮ್ಮದು, ಚೆನ್ನಾಗಿ ಮೇಯಿಸಿದರೆ ಲಾಭವೂ ನಿಮ್ಮದೇ. ಹಾಲಿನ ಸಂಘ ನಿಮ್ಮ ಹಸುವನ್ನು ಕಾಯಬೇಕಿಲ್ಲ, ಹಾಲು ಮಾರಿಕೊಟ್ಟರೆ ಸಾಕು. ಕೆರೆಯ ಮೀನು ಹಿಡಿಯುವ ತನಕ ಯಾರದೂ ಅಲ್ಲ. ಆದ್ದರಿಂದ ಮೀನಿನ ಸಂಘ ಮಾರಾಟವನ್ನಷ್ಟೇ ಮಾಡಿದರೆ ಅರ್ಧ ಕೆಲಸವೂ ಆಗಲಿಲ್ಲ. ಒಳ್ಳೆಯ ಬೆಲೆ ಕೊಡಿಸಿ, ಬಲೆಗೆ ಸಾಲ ಕೊಡಿಸಿ, ಹಿಡಿಯುವುದಕ್ಕೆ ಮಾತ್ರ ಮಿತಿ ಹಾಕದೆ ಹೋದರೆ ಸಂಘವೇ ಕೆರೆಯನ್ನು ಬೇಗ ಬರಿದು ಮಾಡುತ್ತದೆ.

ಕರಾವಳಿಯಲ್ಲಿ ಇದರ ಪಾಠವಿದೆ. ಮಂಗಳೂರಿನಲ್ಲಿ ಮೀನು ಮಾರಾಟದ ಸಹಕಾರ ಫೆಡರೇಷನ್ 1954ರಿಂದ ಇದೆ. ಅದರಿಂದ ಮೀನುಗಾರರಿಗೆ ಆದ ಉಪಕಾರ ಸಣ್ಣದಲ್ಲ. ಆದರೆ ಸಮುದ್ರಕ್ಕೆ ಎಷ್ಟು ದೋಣಿ ಇಳಿಯಬೇಕೆಂದು ನಿರ್ಧರಿಸುವ ಅಧಿಕಾರ ಯಾವ ಸಹಕಾರ ಸಂಘಕ್ಕೂ ಇರಲಿಲ್ಲ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂತು. ಊರಿನ ಹತ್ತಾರು ಮಂದಿ ದಡದಲ್ಲಿ ನಿಂತು ಎಳೆದು, ಪಾಲು ಹಂಚಿಕೊಳ್ಳುತ್ತಿದ್ದ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಸರ್ಕಾರವೇ ರಜೆ ಹೇಳುತ್ತದೆ. ಆಗಸ್ಟಿನಲ್ಲಿ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಸಮುದ್ರದ ಮಾತು ದೊಡ್ಡದು, ಅದನ್ನು ಇಲ್ಲಿಗೆ ಬಿಡೋಣ. ಕೆರೆಗೆ ಏರಿಯಿದೆ, ಎಲ್ಲೆಯಿದೆ, ಒಂದೇ ಊರಿನ ಕಣ್ಣಳತೆಯಲ್ಲಿದೆ. ಸಮುದ್ರದಲ್ಲಿ ಕಷ್ಟವಾದದ್ದು ಕೆರೆಯಲ್ಲಿ ಆಗಬಹುದು.

ಗುತ್ತಿಗೆದಾರನ ಪರವಾಗಿಯೂ ಒಂದು ಮಾತು

ನ್ಯಾಯವಾಗಿ ಹೇಳುವುದಾದರೆ ಗುತ್ತಿಗೆದಾರ ಮೂರ್ಖನಲ್ಲ. ಇಡೀ ಕೆರೆ ಒಬ್ಬನ ಕೈಯಲ್ಲಿದ್ದರೆ ಅವನಿಗೆ ಪೈಪೋಟಿಯಿಲ್ಲ. ಆದ್ದರಿಂದ ಅವನು ಮರಿ ಬಿಡುತ್ತಾನೆ, ಕಾವಲು ಹಾಕುತ್ತಾನೆ, ಮೀನು ದಪ್ಪವಾಗುವ ತನಕ ಕಾಯುತ್ತಾನೆ. ಎಷ್ಟೋ ಸೋಮಾರಿ ಸಂಘಗಳಿಗಿಂತ ಅವನು ವಾಸಿ. ಅವನ ಬುದ್ಧಿ ಕೆಡುವುದು ಕೊನೆಯ ವರ್ಷದಲ್ಲಿ. ಮುಂದಿನ ಹರಾಜು ತನಗೇ ಆಗುತ್ತದೆಂಬ ನಂಬಿಕೆ ಇಲ್ಲದವನು ತಾಯಿ ಮೀನು, ಮರಿ ಮೀನು ಎನ್ನದೆ ಗುಡಿಸಿಕೊಂಡು ಹೋಗುತ್ತಾನೆ. ನಿಷೇಧವಿದ್ದರೂ ಆಫ್ರಿಕದ ಕ್ಯಾಟ್‌ಫಿಶ್ ತಂದು ಬಿಟ್ಟು ಕೆರೆಯ ಮೂಲ ಮೀನುಗಳಿಗೆ ಯಮನಾಗುವವರೂ ಇದ್ದಾರೆ. ಇನ್ನು, ಆ ಹದಿಮೂರು ಲಕ್ಷದ ಹೆಚ್ಚುವರಿ ಎಲ್ಲಿಗೆ ಹೋಯಿತು? ಪಂಚಾಯಿತಿಗೆ ಬಂದದ್ದು ಹರಾಜಿನ ಮೊತ್ತ, ಬಲೆ ಎಳೆದವರಿಗೆ ಬಂದದ್ದು ದಿನಗೂಲಿ. ಉಳಿದದ್ದು ಊರು ಬಿಟ್ಟು ಹೋಯಿತು.

ಇನ್ನೊಂದನ್ನು ಗಮನಿಸಿ. ಕಾಟ್ಲ, ರೋಹು, ಮೃಗಾಲ ನಿಂತ ನೀರಿನಲ್ಲಿ ಮರಿ ಮಾಡುವ ಮೀನುಗಳಲ್ಲ, ಅವಕ್ಕೆ ಹೊಳೆಯ ಪ್ರವಾಹ ಬೇಕು. 1957ರ ಜುಲೈ 10ರಂದು ಕಟಕದಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆ ಮರಿ ಬೇಕೆಂದಾಗ ಸಿಗುವಂತಾಯಿತು. ಜುಲೈ 10ನ್ನು ಮೀನು ಕೃಷಿಕರ ದಿನವೆಂದು ಆಚರಿಸುವುದು ಇದರ ನೆನಪಿಗೇ. ಅಂದರೆ ಇಂದಿನ ಕೆರೆ ಮೀನುಗಾರಿಕೆ ಬೇಟೆ ಅಲ್ಲ, ಬೇಸಾಯ. ಪ್ರತಿ ವರ್ಷ ಬಿತ್ತಬೇಕು. ಬಿತ್ತಿದವನಿಗೇ ಕೊಯ್ಲು ಎಂಬ ಖಾತ್ರಿ ಇಲ್ಲದಿದ್ದರೆ ಯಾವ ರೈತ ಬಿತ್ತಿಯಾನು? ಒಂದು ವರ್ಷದ ಗೇಣಿಗೆ ಹೊಲ ಹಿಡಿದವನು ಅದಕ್ಕೆ ಗೊಬ್ಬರ ಹಾಕುವುದಿಲ್ಲವೆಂದು ನಿಮಗೆ ನಾನು ಹೇಳಿಕೊಡಬೇಕೆ?

ತವಾ ಜಲಾಶಯದವರು ಮಾಡಿದ್ದು

ಮಧ್ಯಪ್ರದೇಶದಲ್ಲಿ ನರ್ಮದೆಗೆ ಸೇರುವ ತವಾ ನದಿಗೆ 1970ರ ದಶಕದಲ್ಲಿ ಅಣೆಕಟ್ಟು ಕಟ್ಟಿದಾಗ 44 ಹಳ್ಳಿಗಳ ಜನ ನೆಲ ಕಳೆದುಕೊಂಡರು. ಬಹುಪಾಲು ಆದಿವಾಸಿಗಳು. ಗದ್ದೆ ಮುಳುಗಿದ ನೀರಿನಲ್ಲಿ ಮೀನು ಹಿಡಿಯಲು ಹೋದರೆ ಅದಕ್ಕೂ ಹಕ್ಕಿಲ್ಲ. ಮೊದಲು ಸರ್ಕಾರದ ನಿಗಮ, ಬಳಿಕ 1994ರ ಸುಮಾರಿಗೆ ಖಾಸಗಿ ಗುತ್ತಿಗೆದಾರ. ತಮ್ಮ ಹೊಲದ ಮೇಲಿನ ನೀರಿನಲ್ಲೇ ಅವರು ಕಳ್ಳರೆನಿಸಿಕೊಂಡರು. ಚಳವಳಿ ನಡೆಯಿತು. ಕೊನೆಗೆ 1996ರಲ್ಲಿ ಮುಳುಗಡೆಯವರದೇ ಸಂಘಗಳ ಒಕ್ಕೂಟಕ್ಕೆ ಐದು ವರ್ಷದ ಹಕ್ಕು ಸಿಕ್ಕಿತು. ತವಾ ಮತ್ಸ್ಯ ಸಂಘ ಎಂದು ಅದು ಹೆಸರಾಯಿತು.

ಓದು ಬರಹ ಬಾರದವರು ಜಲಾಶಯ ನಡೆಸುತ್ತಾರೆಯೇ ಎಂದು ನಕ್ಕವರಿದ್ದರು. ಕೆಲವೇ ವರ್ಷಗಳಲ್ಲಿ ಹಿಡುವಳಿ ವರ್ಷಕ್ಕೆ 300 ಟನ್ನು ದಾಟಿತು. ನಿಗಮದ ಕಾಲಕ್ಕೆ ಹೋಲಿಸಿದರೆ ಅದು ಹಲವು ಪಟ್ಟು. ಅವರು ಮಾಡಿದ್ದರಲ್ಲಿ ಮಂತ್ರ ಏನೂ ಇಲ್ಲ. ಊರೂರಿಗೆ ಪ್ರಾಥಮಿಕ ಸಂಘ, ಮೇಲೆ ಒಕ್ಕೂಟ. ಸದಸ್ಯತ್ವ ಮುಳುಗಡೆಯವರಿಗೆ. ಮೀನು ಮೊಟ್ಟೆ ಇಡುವ ಕಾಲದಲ್ಲಿ, ಜೂನ್ ನಡುವಿನಿಂದ ಆಗಸ್ಟ್ ನಡುವಿನ ತನಕ, ಬಲೆ ದಡದಲ್ಲಿ. ಮರಿ ಬಿಡುವುದು ತಪ್ಪಿಸಲಿಲ್ಲ. ಹಿಡಿದ ಮೀನನ್ನು ತೂಗಿ ತೆಗೆದುಕೊಂಡು ಮಂಜುಗಡ್ಡೆ ಹಾಕಿ ದೂರದ ಪೇಟೆಗಳಿಗೆ ಕಳಿಸಿದರು. ಸರ್ಕಾರಕ್ಕೆ ಹಿಡಿದ ಮೀನಿನ ಲೆಕ್ಕದ ಮೇಲೆ ರಾಯಧನ ಕಟ್ಟಿದರು. ಈ ಕೊನೆಯದು ಬಹಳ ಮುಖ್ಯ. ಹರಾಜಿನಂತೆ ಮೊದಲೇ ನಿಗದಿಯಾದ ಮೊತ್ತವಾಗಿದ್ದರೆ, ಮಳೆ ಕೈಕೊಟ್ಟ ವರ್ಷ ಬಡ ಸಂಘ ಸಾಲಕ್ಕೆ ಬಿದ್ದು ವ್ಯಾಪಾರಿಯ ಮನೆ ಬಾಗಿಲಿಗೆ ಹೋಗಲೇಬೇಕು.

2001ರಲ್ಲಿ ಹಕ್ಕು ಇನ್ನೊಂದು ಅವಧಿಗೆ ಮುಂದುವರಿಯಿತು. 2006ರ ಕೊನೆಗೆ ಅದು ಮುಗಿದಾಗ, ಜಲಾಶಯ ವನ್ಯಜೀವಿ ಪ್ರದೇಶಕ್ಕೆ ಸೇರಿದ್ದೆಂಬ ಕಾರಣದಿಂದ ಮತ್ತೆ ಸಿಗಲಿಲ್ಲ. ಹತ್ತು ವರ್ಷ ಕಟ್ಟಿದ್ದು ಒಂದು ಕಾಗದದಿಂದ ನಿಂತಿತು. ಹುಲಿಗೂ ಮೀನುಗಾರನಿಗೂ ಒಟ್ಟಿಗೆ ಜಾಗವಿರಲಿಲ್ಲವೇ ಎಂಬುದು ಬೇರೆ ಚರ್ಚೆ. ಐದೈದು ವರ್ಷದ ದಯೆಯ ಮೇಲೆ ನಿಂತ ಹಕ್ಕು ಎಷ್ಟು ತೆಳ್ಳಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಬಾಗಿಲು ತೆರೆದಿಟ್ಟ ಸಂಘ

ಈಗ ಕೆಲವರಿಗೆ ಸಿಟ್ಟು ತರಿಸುವ ಮಾತಿಗೆ ಬರುತ್ತೇನೆ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನ ನೇಕಾರರು ಅಂಗಡಿ ತೆರೆದ ದಿನದಿಂದ ಸಹಕಾರದ ಮೊದಲ ತತ್ವ ಮುಕ್ತ ಸದಸ್ಯತ್ವ. ಅಂಗಡಿಗೆ, ಸಾಲಕ್ಕೆ, ಹಾಲಿಗೆ ಇದು ಸರಿ. ಸದಸ್ಯರು ಹೆಚ್ಚಿದಷ್ಟೂ ವ್ಯವಹಾರ ಬೆಳೆಯುತ್ತದೆ. ಕೆರೆ ಮಾತ್ರ ಸದಸ್ಯರು ಹೆಚ್ಚಿದರೆಂದು ದೊಡ್ಡದಾಗುವುದಿಲ್ಲ. ಮೂವತ್ತು ಕುಟುಂಬ ಬದುಕಬಹುದಾದ ನೀರಿಗೆ ಚುನಾವಣೆಯ ಮುಂಚೆ ಮುನ್ನೂರು ಷೇರು ಹಂಚಿದರೆ, ಪೈಪೋಟಿಯಲ್ಲಿ ಸುಡುತ್ತಿದ್ದ ಲಾಭ ಈಗ ಪಾಲಿನಲ್ಲಿ ಕರಗುತ್ತದೆ, ಅಷ್ಟೇ ವ್ಯತ್ಯಾಸ. ಬಲೆ ಮುಟ್ಟದವನಿಗೆ ಷೇರು ಏಕೆ? ಮೀನಿನ ಸಂಘ ತನ್ನ ನೀರಿನ ಶಕ್ತಿಗೆ ತಕ್ಕಂತೆ ಕೆಲಸ ಮಾಡುವವರ ಸಂಖ್ಯೆಯನ್ನು ಹಿಡಿತದಲ್ಲಿಡಬೇಕು. ಜಾತಿಯ ಹೆಸರಿನಲ್ಲಿ, ಪಕ್ಷದ ಹೆಸರಿನಲ್ಲಿ ಬಾಗಿಲು ಹಾಕುವುದಕ್ಕೂ ಇದಕ್ಕೂ ಸಂಬಂಧ ಕಟ್ಟಬೇಡಿ. ಮೀನನ್ನೇ ನಂಬಿದ ಮನೆಗಳಿಗೆ ಮೊದಲ ಸ್ಥಾನ, ಅದರಲ್ಲಿ ಬಲೆ ಹೆಣೆದು ಮೀನು ಮಾರುವ ಹೆಂಗಸರಿಗೂ ಷೇರು, ಆಮೇಲೆ ಗೆರೆ.

ಜಪಾನಿನ ಸುರುಗಾ ಕೊಲ್ಲಿಯಲ್ಲಿ ಸಕುರಾ ಎಂಬ ಗುಲಾಬಿ ಬಣ್ಣದ ಸಣ್ಣ ಸಿಗಡಿ ಸಿಗುತ್ತದೆ. ಅದನ್ನು ಹಿಡಿಯಲು ಪರವಾನಗಿ ಇರುವುದು 120 ದೋಣಿಗಳಿಗೆ, ಜೋಡಿ ಜೋಡಿಯಾಗಿ ಬಲೆ ಎಳೆಯುವುದರಿಂದ 60 ಜೋಡಿ. ಮೊದಲು ಅಲ್ಲಿಯೂ ಓಟವೇ. ಎಲ್ಲರೂ ಒಂದೇ ರಾತ್ರಿ ತುಂಬಿಕೊಂಡು ಬಂದರೆ ಬೆಳಿಗ್ಗೆ ಬೆಲೆ ಬೀಳುತ್ತಿತ್ತು. ಆಮೇಲೆ ಅವರು ಒಂದು ಉಪಾಯ ಮಾಡಿದರು. 1977ರ ಹೊತ್ತಿಗೆ ಇಡೀ ಕೊಲ್ಲಿಯ ದೋಣಿಗಳು ಅದಕ್ಕೆ ಒಪ್ಪಿದ್ದವು. ಇಂದು ದೋಣಿ ಹೊರಡಬೇಕೇ, ಎಷ್ಟು ಹಿಡಿಯಬೇಕು ಎಂದು ಸಮಿತಿ ಹೇಳುತ್ತದೆ. ಯಾರು ಹಿಡಿದರೂ ಬಂದ ಹಣ ಒಂದೇ ಗಂಟು, ಅದನ್ನು ಎಲ್ಲರಿಗೂ ಹಂಚುತ್ತಾರೆ. ನಾನು ಹೆಚ್ಚು ಹಿಡಿದರೆ ನನಗೆ ಹೆಚ್ಚು ಎಂಬುದು ಹೋದ ಮೇಲೆ ಓಡುವ ಕಾರಣವೇ ಇಲ್ಲ. ಎಣ್ಣೆ ಉಳಿಯಿತು, ಬೆಲೆ ನಿಂತಿತು. ಇದರಿಂದ ಸಿಗಡಿ ಎಂದೂ ಕಡಿಮೆಯಾಗದೆಂದು ತಿಳಿಯಬೇಡಿ. 2018ರ ವಸಂತದಲ್ಲಿ ಹಿಡುವಳಿ ಬಹಳ ಕುಸಿಯಿತು. ಆಗ ಅದೇ ವರ್ಷದ ಎರಡನೆಯ ಹಂಗಾಮನ್ನು ಅವರೇ ಕೈಬಿಟ್ಟರು. ಹೊಟ್ಟೆಗೆ ಬಿದ್ದ ಪೆಟ್ಟನ್ನು ಎಲ್ಲರೂ ಸಮನಾಗಿ ಹೊರುವ ಪದ್ಧತಿ ಇಲ್ಲದಿದ್ದರೆ ಅಂತಹ ತೀರ್ಮಾನ ಸಾಧ್ಯವಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಕೆರೆಗೆ ಅಷ್ಟು ದೊಡ್ಡ ಏರ್ಪಾಡು ಬೇಡ. ಒಟ್ಟಿಗೆ ಬಲೆ ಎಳೆದು ಒಟ್ಟಿಗೆ ಹಂಚಿಕೊಳ್ಳುವ ಪದ್ಧತಿ ನಮ್ಮ ರಂಪಣಿಯವರಿಗೂ ಗೊತ್ತಿತ್ತು. ಒಬ್ಬೊಬ್ಬನಿಗೆ ಅವನವನ ಬುಟ್ಟಿ ಎಂದಾಗಲೇ ರಾತ್ರಿ ಕಳ್ಳಬಲೆ ಹುಟ್ಟುವುದು.

ಹೆಸರು ಸಂಘದ್ದು, ದುಡ್ಡು ಯಾರದು?

ಸಂಘಗಳಿಗೆ ಹಿಡಿದಿರುವ ದೊಡ್ಡ ರೋಗ ಬೇನಾಮಿ. ಗುತ್ತಿಗೆ ಸಂಘದ ಹೆಸರಿನಲ್ಲಿ, ಠೇವಣಿ ಕಟ್ಟಿದವನು ವ್ಯಾಪಾರಿ, ಮರಿ ತಂದವನೂ ಅವನೇ, ಬಲೆಗೆ ಮುಂಗಡ ಕೊಟ್ಟವನೂ ಅವನೇ. ಕೊನೆಗೆ ಮೀನಿಗೆ ಬೆಲೆ ಹೇಳುವವನೂ ಅವನಾಗುತ್ತಾನೆ. ಅಧ್ಯಕ್ಷ, ಕಾರ್ಯದರ್ಶಿ ರುಜು ಹಾಕುತ್ತಾರೆ. ಅವರನ್ನು ಬೈದು ಫಲವಿಲ್ಲ. ಮರಿ ಬಿಡುವ ತಿಂಗಳಲ್ಲಿ ಕೈಯಲ್ಲಿ ಕಾಸಿಲ್ಲದ ಸಂಘ ಬೇರೇನು ಮಾಡೀತು? ಮರಿಯ ಖರ್ಚು ಆಷಾಢ ಶ್ರಾವಣದಲ್ಲಿ, ಮೀನಿನ ಹಣ ಬರುವುದು ಬೇಸಿಗೆಗೆ. ಆ ಎಂಟು ಒಂಬತ್ತು ತಿಂಗಳ ಅಂತರಕ್ಕೆ ಬೆಳೆಸಾಲದಂತೆ ಕಡಿಮೆ ಬಡ್ಡಿಯ ಸಾಲ ಸಹಕಾರಿ ಬ್ಯಾಂಕಿನಿಂದ ಸಕಾಲಕ್ಕೆ ಕೈಗೆ ಬಂದರೆ ಅರ್ಧ ಬೇನಾಮಿ ತಾನಾಗಿ ಸಾಯುತ್ತದೆ. ಮೊದಲ ವರ್ಷದ ಆದಾಯವನ್ನೆಲ್ಲ ಹಂಚಿಕೊಳ್ಳದೆ ಮುಂದಿನ ಮರಿಯ ಹಣವನ್ನು ತೆಗೆದಿಟ್ಟ ಸಂಘಕ್ಕೆ ಸಾಲವೂ ಬೇಡ. ಬಿತ್ತನೆ ರಾಗಿ ತೆಗೆದಿಡದೆ ಉಣ್ಣುವ ಮನೆ ಯಾವುದಿದೆ?

ಇನ್ನು ನೀವು, ಅಚ್ಚುಕಟ್ಟಿನವರು. ಮಾರ್ಚಿ ಏಪ್ರಿಲ್‌ನಲ್ಲಿ ಮೀನು ತೂಕ ಕಟ್ಟುವ ಹೊತ್ತಿಗೇ ಬೇಸಿಗೆ ಭತ್ತಕ್ಕೆ ಕೊನೆಯ ನೀರು ಬೇಕಾಗುತ್ತದೆ. ತೂಬು ಎತ್ತಿದರೆ ಮೀನುಗಾರನ ವರ್ಷದ ದುಡಿಮೆ ಕೆಸರಿನಲ್ಲಿ ಒದ್ದಾಡುತ್ತದೆ, ಎತ್ತದಿದ್ದರೆ ನಿಮ್ಮ ತೆನೆ ಜೊಳ್ಳು. ಈ ಜಗಳ ಪ್ರತಿ ಬೇಸಿಗೆಯಲ್ಲೂ ಏರಿಯ ಮೇಲೆ ನಡೆಯುತ್ತದೆ, ಪೊಲೀಸು ಠಾಣೆಗೂ ಹೋಗುತ್ತದೆ. ಹೊರಗಿನ ಗುತ್ತಿಗೆದಾರನೊಡನೆ ರಾಜಿ ಕಷ್ಟ, ಅವನಿಗೆ ಊರಿನ ಹಂಗಿಲ್ಲ. ಊರಿನ ಸಂಘದೊಡನೆ ಸಾಧ್ಯ. ಇಷ್ಟು ಅಡಿ ನೀರು ಮೀನಿಗೆ ಎಂದು ಅಚ್ಚುಕಟ್ಟಿನವರು ಬಿಡಲಿ, ಅದಕ್ಕೆ ಬದಲಾಗಿ ಮೀನಿನ ಆದಾಯದಲ್ಲಿ ಒಂದು ಪಾಲನ್ನು ಸಂಘ ತೂಬಿನ ದುರಸ್ತಿಗೆ, ಕಾಲುವೆಯ ಹೂಳಿಗೆ ಕೊಡಲಿ. ನೀರುಗಂಟಿಗೂ ಅದರಿಂದಲೇ ಸಂಬಳ ಸಿಕ್ಕೀತು.

ಮುಂದಿನ ಗ್ರಾಮಸಭೆಯಲ್ಲಿ ಕೆರೆ ಗುತ್ತಿಗೆಯ ವಿಷಯ ಬಂದಾಗ ಬೀಡಿ ಸೇದಲು ಎದ್ದು ಹೋಗಬೇಡಿ. ಮರಿಯ ರಸೀತಿ ಯಾರ ಹೆಸರಿನಲ್ಲಿದೆ ಎಂದು ಕೇಳಿ. ಸದಸ್ಯರ ಪಟ್ಟಿ ಓದಿಸಿ, ಅದರಲ್ಲಿ ಬಲೆ ಹಿಡಿಯುವವರು ಎಷ್ಟು ಮಂದಿ ಎಂದು ನಿಮಗೇ ತಿಳಿಯುತ್ತದೆ. ಮೀನು ತೂಗುವುದು ಏರಿಯ ಮೇಲೆ ಎಲ್ಲರೆದುರಿಗೋ, ವ್ಯಾಪಾರಿಯ ಗೋದಾಮಿನಲ್ಲೋ ಕೇಳಿ. ಮೀನಿಗೆ ಬಿಡುವ ನೀರಿನ ಗುರುತನ್ನು ತೂಬಿನ ಕಲ್ಲಿನ ಮೇಲೆ ಬಣ್ಣದಲ್ಲಿ ಎಳೆಸಿ, ಎರಡು ಕಡೆಯವರೂ ನಿಂತು ಎಳೆಸಿ. ಇದನ್ನು ಕೆರೆ ತುಂಬಿ ಎಲ್ಲರ ಮನಸ್ಸೂ ತಂಪಾಗಿರುವ ಕಾರ್ತಿಕದಲ್ಲೇ ಮಾಡಿ, ಏಪ್ರಿಲ್ ಬಂದ ಮೇಲೆ ಯಾರೂ ಯಾರ ಮಾತೂ ಕೇಳುವುದಿಲ್ಲ.